ಸಾಲ ಮಾಡಿ ಒಳಚರಂಡಿ ಹಾಕಿದರೆ ತೀರಿಸುವವರು ಯಾರು?

ಓದುಗರ ಪ್ರಶ್ನೆ: "ನಾನು ನಿವೃತ್ತ ಗಣಿತ ಶಿಕ್ಷಕ. ನಮ್ಮದು ಮೂರು ಲಕ್ಷದಷ್ಟು ಜನ ಇರುವ ನಗರ. ಒಳಚರಂಡಿ ಕೊಳವೆಗಳು ನಾನು ಹುಟ್ಟುವ ಮೊದಲೇ ಹಾಕಿದವು. ಜೋರು ಮಳೆ ಬಂದರೆ ಮ್ಯಾನ್‌ಹೋಲ್ ಉಕ್ಕಿ ಬೀದಿಗೆ ಬರುತ್ತದೆ. ಅದನ್ನೆಲ್ಲ ಬದಲಿಸಲು ಪಾಲಿಕೆ 20 ವರ್ಷದ ಬಾಂಡ್ ಹೊರಡಿಸುತ್ತದಂತೆ. ತೀರಿಸಲು ಆಸ್ತಿ ತೆರಿಗೆ ಏರಿಸಿ, ಒಳಚರಂಡಿಗೆ ತಿಂಗಳ ಶುಲ್ಕವನ್ನೂ ಹಾಕುತ್ತಾರಂತೆ. ಸಾರ್ವಜನಿಕ ಸಭೆಯಲ್ಲಿ ಗದ್ದಲವೋ ಗದ್ದಲ. 'ಸರ್ಕಾರದಿಂದ ಅನುದಾನ ತನ್ನಿ, ನಮ್ಮ ಮೇಲೆ ಯಾಕೆ ಹೇರುತ್ತೀರಿ' ಅಂದರು ಒಬ್ಬರು. 'ಖಾಸಗಿಯವರಿಗೆ ಕೊಟ್ಟುಬಿಡಿ, ಪಾಲಿಕೆಗೆ ಒಂದು ಪೈಸೆ ಖರ್ಚಿಲ್ಲ' ಅಂದರು ಇನ್ನೊಬ್ಬರು. ನನ್ನನ್ನು ಕಾಡುವುದು ಬೇರೆ. ಜೀವನದಲ್ಲಿ ಸಾಲ ಮಾಡದವನು ನಾನು. 100ಕ್ಕೆ 200 ಕಟ್ಟುವ ಸಾಲವನ್ನು ಮೊಮ್ಮಕ್ಕಳ ತಲೆಗೆ ಕಟ್ಟಿ ಹೋಗುವುದು ಸರಿಯೇ? ಆಕ್ಷೇಪಣೆ ಸಲ್ಲಿಸಲು ಇನ್ನೂ ಮೂರು ವಾರ ಇದೆ. ಏನು ಕೇಳಲಿ, ಏನು ಬರೆಯಲಿ?"

ಮೇಷ್ಟ್ರೇ, ನೀವು ಗಣಿತ ಕಲಿಸಿದವರು ಎಂಬುದು ನನಗೆ ಅನುಕೂಲವೇ ಆಯಿತು. ಲೆಕ್ಕ ಬಿಡಿಸಿ ತೋರಿಸಿದರೆ ಮುಖ ತಿರುಗಿಸುವುದಿಲ್ಲ. 26 ವರ್ಷ ನಾನು ಪಾಲಿಕೆಗಳ ಲೆಕ್ಕಪತ್ರ ಮತ್ತು ಸಾಲದ ಕಡತಗಳ ನಡುವೆ ಕಳೆದಿದ್ದೇನೆ. ನಿಮ್ಮ ಊರಿನ ಸಭೆಯಲ್ಲಿ ಆದಂಥ ಗದ್ದಲವನ್ನು ಮೇಜಿನ ಆಚೆ ಬದಿಯಲ್ಲಿ ಕೂತು ಎಷ್ಟೋ ಸಲ ಕೇಳಿಸಿಕೊಂಡಿದ್ದೇನೆ.

ಆ ಗದ್ದಲದಲ್ಲಿ ಒಂದು ಗೊಂದಲ ತಪ್ಪದೆ ಇರುತ್ತದೆ. 'ದುಡ್ಡು ಎಲ್ಲಿಂದ ತರುತ್ತೀರಿ?' ಎನ್ನುವುದು ಒಂದೇ ಪ್ರಶ್ನೆಯಂತೆ ಕೇಳಿಸುತ್ತದೆ, ಒಳಗೆ ಎರಡಿವೆ. ಗುತ್ತಿಗೆದಾರನ ಬಿಲ್ಲಿಗೆ ಈ ವರ್ಷ ದುಡ್ಡು ಎಲ್ಲಿಂದ ಹೊಂದಿಸುವುದು ಎಂಬುದು ಮೊದಲನೆಯದು. ಕೊನೆಗೆ ಅದು ಯಾರ ಜೇಬಿನಿಂದ ಹೋಗುತ್ತದೆ ಎಂಬುದು ಎರಡನೆಯದು. ಬಾಂಡ್ (ಹೂಡಿಕೆದಾರರಿಗೆ ಸಾಲಪತ್ರ ಕೊಟ್ಟು ಪಾಲಿಕೆ ಎತ್ತುವ ಸಾಲ), ಬ್ಯಾಂಕ್ ಸಾಲ, ಖಾಸಗಿ ಕಂಪನಿಯ ಬಂಡವಾಳ ಎಲ್ಲವೂ ಮೊದಲನೆಯದಕ್ಕೆ ಮಾತ್ರ ಉತ್ತರ. ಇವತ್ತಿನ ಖರ್ಚನ್ನು ಮುಂದಿನ ವರ್ಷಗಳಿಗೆ ಹಂಚುತ್ತವೆ, ಅಷ್ಟೇ. ಎರಡನೆಯ ಪ್ರಶ್ನೆಗೆ ಯಾವ ದೇಶದ ಯಾವ ನಗರಕ್ಕೆ ಹೋದರೂ ಇರುವುದು ಮೂರೇ ಜೇಬು: ತೆರಿಗೆ ಕಟ್ಟುವವರದು, ಸೇವೆ ಬಳಸುವವರದು, ಕಾಮಗಾರಿಯ ದೆಸೆಯಿಂದ ಜಾಗದ ಬೆಲೆ ಏರಿ ಲಾಭ ಮಾಡಿಕೊಂಡವರದು. ನಾಲ್ಕನೆಯ ಜೇಬೊಂದು ಇದೆ ಎಂದು ಯಾರಾದರೂ ವೇದಿಕೆ ಮೇಲೆ ಹೇಳಿದರೆ, ಈ ಮೂರರಲ್ಲೇ ಒಂದನ್ನು ಬೇರೆ ಹೆಸರಲ್ಲಿ ಕರೆಯುತ್ತಿದ್ದಾರೆ ಎಂದು ತಿಳಿಯಿರಿ.

ಈಗ ನಿಮ್ಮ '100ಕ್ಕೆ 200'. ಲೆಕ್ಕ ಸರಿಯಾಗಿಯೇ ಇದೆ. ಕಾಮಗಾರಿಯ ವೆಚ್ಚ 100, ಬಡ್ಡಿ ಶೇ. 8, ಅವಧಿ 20 ವರ್ಷ ಎಂದಿಟ್ಟುಕೊಳ್ಳಿ. ಸಮಾನ ಕಂತಾದರೆ ವರ್ಷಕ್ಕೆ ಸುಮಾರು 10.2 ಕಟ್ಟಬೇಕು, ಒಟ್ಟು 204. ಮೊದಲ ವರ್ಷದ ಕಂತಿನಲ್ಲಿ 8 ಬಡ್ಡಿಗೇ ಹೋಗಿ, ಅಸಲಿಗೆ ಸೇರುವುದು 2.2 ಮಾತ್ರ. ನೋಡಿದರೆ ಹೊಟ್ಟೆ ಉರಿಯುತ್ತದೆ. ಸರಿ, ಸಾಲ ಬೇಡ, ಕೂಡಿಟ್ಟೇ ಕಟ್ಟೋಣ. ಅದೇ 10.2ನ್ನು ಪ್ರತಿ ವರ್ಷ ಠೇವಣಿ ಇಡುತ್ತಾ ಹೋಗುತ್ತೀರಿ, ಶೇ. 6 ಬಡ್ಡಿ ಬರುತ್ತದೆ. ಆದರೆ ಕಬ್ಬಿಣ, ಸಿಮೆಂಟು, ಕೂಲಿ ನಿಮಗಾಗಿ ಕಾಯುತ್ತಾ ಕೂರುವುದಿಲ್ಲ. ಅವೂ ವರ್ಷಕ್ಕೆ ಶೇ. 6ರಂತೆ ಏರಿದರೆ ನಿಮ್ಮ ಠೇವಣಿ ಕಾಮಗಾರಿಯ ವೆಚ್ಚವನ್ನು ಮುಟ್ಟುವುದು 15 ವರ್ಷ ಕಳೆದ ಮೇಲೆ. ಅಷ್ಟು ಹೊತ್ತಿಗೆ 100ರ ಕೆಲಸ 240 ಆಗಿರುತ್ತದೆ. ಪೆನ್ನು ಹಿಡಿದು ತಾಳೆ ನೋಡಿ. ಆ 15 ವರ್ಷವೂ ಮ್ಯಾನ್‌ಹೋಲ್ ಉಕ್ಕುತ್ತಲೇ ಇರುತ್ತದೆ. ಅದರಿಂದ ಬರುವ ಕಾಯಿಲೆ, ಕುಸಿಯುವ ರಸ್ತೆ, ಕೆಡುವ ಬಾವಿಯ ಖರ್ಚು ಈ ಲೆಕ್ಕದಲ್ಲಿ ಬಂದೇ ಇಲ್ಲ.

ಹಾಗಂತ ಸಾಲವೇ ಯಾವಾಗಲೂ ಲೇಸು ಎಂದು ನಾನು ಹೇಳುವುದಿಲ್ಲ. ಬಡ್ಡಿ ಶೇ. 12ಕ್ಕೆ ಏರಿ, ಬೆಲೆ ಏರಿಕೆ ಶೇ. 3ಕ್ಕೆ ಇಳಿದರೆ, ಕಾಯಬಹುದಾದ ಕೆಲಸಕ್ಕೆ ಕೂಡಿಡುವುದೇ ಜಾಣತನ. ಉತ್ತರ ಇರುವುದು ದರಗಳಲ್ಲಿ. ಪಾಲಿಕೆಯ ಪ್ರಸ್ತಾವನೆಯಲ್ಲಿ ಈ ಎರಡೂ ದಾರಿಯ ಹೋಲಿಕೆ ಇರಬೇಕು. ನನ್ನ ಕೈಯಲ್ಲಿ ಹಾದುಹೋದ ಬಹಳಷ್ಟು ಕಡತಗಳಲ್ಲಿ ಅದು ಇರುತ್ತಿರಲಿಲ್ಲ, ಕೇಳಿದಾಗ ಬರೆದು ಸೇರಿಸುತ್ತಿದ್ದರು.

ಮೊಮ್ಮಕ್ಕಳ ವಿಷಯಕ್ಕೆ ಬರೋಣ. 1858ರ ಬೇಸಿಗೆಯಲ್ಲಿ ಲಂಡನ್ನಿನ ಥೇಮ್ಸ್ ನದಿ ಎಷ್ಟು ನಾರುತ್ತಿತ್ತು ಎಂದರೆ, ದಂಡೆಯ ಮೇಲಿದ್ದ ಪಾರ್ಲಿಮೆಂಟ್ ಭವನದ ಪರದೆಗಳನ್ನು ಸುಣ್ಣದ ಕ್ಲೋರೈಡ್‌ನಲ್ಲಿ ಅದ್ದಿ ತೂಗುಹಾಕಿದ್ದರು. ವರ್ಷಗಟ್ಟಲೆ ಎಳೆದಾಡಿದ್ದ ವಿಷಯಕ್ಕೆ ಅದೇ ಬೇಸಿಗೆಯಲ್ಲಿ ಕಾನೂನು ಬಂತು. ಮೆಟ್ರೊಪಾಲಿಟನ್ ಬೋರ್ಡ್ ಆಫ್ ವರ್ಕ್ಸ್ ಎಂಬ ಸಂಸ್ಥೆಗೆ 30 ಲಕ್ಷ ಪೌಂಡ್ ಸಾಲ ಎತ್ತುವ ಅಧಿಕಾರ, ಅದಕ್ಕೆ ಸರ್ಕಾರದ ಖಾತರಿ, ತೀರಿಸಲು ಲಂಡನ್ನಿನ ಮನೆಗಳ ಮೇಲೆ 40 ವರ್ಷ 3 ಪೆನ್ಸ್ ದರದ ಚರಂಡಿ ತೆರಿಗೆ. ಎಂಜಿನಿಯರ್ ಜೋಸೆಫ್ ಬ್ಯಾಜಲ್ಗೆಟ್ ಆಗಿನ ಜನಸಂಖ್ಯೆಗೆ ಬೇಕಾದ್ದಕ್ಕಿಂತ ಬಹಳ ದೊಡ್ಡ ಕೊಳವೆಗಳನ್ನೇ ಕಟ್ಟಿಸಿದ. ಸಾಲದ ಅವಧಿ 40 ವರ್ಷ; ಚರಂಡಿ 150 ವರ್ಷ ದಾಟಿಯೂ ಕೆಲಸ ಮಾಡುತ್ತಿದೆ. 2025ರಲ್ಲಿ ಪೂರ್ತಿಯಾಗಿ ಬಳಕೆಗೆ ಬಂದ 25 ಕಿ.ಮೀ. ಉದ್ದದ ಟೈಡ್‌ವೇ ಸುರಂಗ ಕೂಡ ಹಳೆಯದನ್ನು ಕಿತ್ತು ಹಾಕಿದ್ದಲ್ಲ, ಅದರಿಂದ ಉಕ್ಕಿ ನದಿಗೆ ಬೀಳುತ್ತಿದ್ದುದನ್ನು ಹಿಡಿದುಕೊಳ್ಳುವುದಕ್ಕೆ ಕಟ್ಟಿದ್ದು.

ಅಲ್ಲಿನ ಮೊಮ್ಮಕ್ಕಳಿಗೆ ಸಾಲವೂ ಬಂತು, ಚರಂಡಿಯೂ ಬಂತು. ಪೂರ್ತಿ ವೆಚ್ಚವನ್ನು ಇವತ್ತಿನವರೇ ಕೊಡಬೇಕೆಂದು ಹಟ ಹಿಡಿದರೆ, ಮುಂದಿನ ವರ್ಷ ಊರು ಬಿಡುವ ಬಾಡಿಗೆದಾರನೂ 50 ವರ್ಷದ ಕೊಳವೆಗೆ ಬೆಲೆ ತೆತ್ತು ಹೋಗಬೇಕಾಗುತ್ತದೆ. ಬಳಸುವ ತಲೆಮಾರುಗಳೆಲ್ಲ ಹಂಚಿಕೊಳ್ಳಲಿ ಎಂಬುದೇ ದೀರ್ಘಾವಧಿ ಸಾಲದ ಹಿಂದಿರುವ ನ್ಯಾಯ.

ಈ ನ್ಯಾಯ ನಿಲ್ಲುವುದು ಒಂದು ಷರತ್ತಿನ ಮೇಲೆ. ಸಾಲದ ಆಯಸ್ಸು ಆಸ್ತಿಯ ಆಯಸ್ಸಿಗಿಂತ ಕಡಿಮೆ ಇರಬೇಕು. ಹತ್ತು ಮಳೆಗಾಲ ಕಾಣದ ಡಾಂಬರಿಗೆ 20 ವರ್ಷದ ಸಾಲ ಎತ್ತಿದರೆ, ಎರಡನೆಯ ಹತ್ತು ವರ್ಷ ಗುಂಡಿಗೆ ಕಂತು ಕಟ್ಟಿದ ಹಾಗೆ. ಸಂಬಳ, ಪಿಂಚಣಿ, ದಿನದ ಖರ್ಚಿಗೆ ಸಾಲ ಎತ್ತಿದರಂತೂ ಉಳಿಯುವುದು ಸಾಲ ಮಾತ್ರ. ನ್ಯೂಯಾರ್ಕ್ ನಗರ 1975ರಲ್ಲಿ ದಿವಾಳಿಯ ಅಂಚಿಗೆ ಬಂದದ್ದು ಹೀಗೆ: ದಿನನಿತ್ಯದ ಖರ್ಚುಗಳನ್ನು ಬಂಡವಾಳದ ಲೆಕ್ಕದೊಳಗೆ ತೂರಿಸಿ, ಅಲ್ಪಾವಧಿ ಸಾಲವನ್ನು ಮತ್ತೊಂದು ಅಲ್ಪಾವಧಿ ಸಾಲದಿಂದ ತೀರಿಸುತ್ತಾ ಹೋಗಿತ್ತು. ಒಂದು ವಸಂತದಲ್ಲಿ ಸಾಲ ಕೊಡುವವರು ಬಾಗಿಲು ಹಾಕಿದರು. ಆದ್ದರಿಂದ ನಿಮ್ಮ ಪಾಲಿಕೆಯ ಬಾಂಡಿನ ಮೊತ್ತದಲ್ಲಿ ಎಷ್ಟು ನೆಲದೊಳಗಿನ ಕೊಳವೆಗೆ, ಎಷ್ಟು ಅಗೆದ ರಸ್ತೆಗೆ ಮತ್ತೆ ಡಾಂಬರು ಹಾಕಲು, ಎಷ್ಟು 'ಇತರೆ'ಗೆ ಎಂದು ಬಿಡಿಸಿ ಕೇಳಿ. 'ಇತರೆ' ಎಂಬ ಸಾಲಿನ ಮೇಲೆ ನನಗೆ ಯಾವಾಗಲೂ ಗುಮಾನಿ.

ಇನ್ನು ಅನುದಾನ. ಮೇಲಿನ ಸರ್ಕಾರ ಕೊಡುವ ದುಡ್ಡು ಪುಕ್ಕಟೆ ಎಂಬ ನಂಬಿಕೆ ಎಷ್ಟು ಗಟ್ಟಿ ಎಂದರೆ, ಪಾಲಿಕೆ ಸದಸ್ಯರೂ ಅದನ್ನು ನಂಬುತ್ತಾರೆ. ಅದೂ ನಿಮ್ಮದೇ ತೆರಿಗೆ, ಸುತ್ತು ಹಾಕಿಕೊಂಡು ಬಂದದ್ದು. ಆದರೂ ಅನುದಾನಕ್ಕೆ ಒಂದು ಸರಿಯಾದ ಜಾಗವಿದೆ. ನಿಮ್ಮ ಕೊಳಚೆ ಹರಿದುಹೋಗಿ ಹೊಳೆಯ ಕೆಳಗಿನ ಊರಿನ ಕುಡಿಯುವ ನೀರಿಗೆ ಸೇರುತ್ತಿದ್ದರೆ, ಅದನ್ನು ಶುದ್ಧ ಮಾಡುವ ಲಾಭ ನಿಮಗಿಂತ ಅವರಿಗೇ ಹೆಚ್ಚು. ಅಂಥ ಕಡೆ ಖರ್ಚನ್ನೆಲ್ಲ ನಿಮ್ಮೂರೊಂದೇ ಹೊರಬೇಕು ಎನ್ನುವುದು ತಪ್ಪು. ಅನುದಾನ ಕೇಳುವುದು ಹಕ್ಕು. ತೊಂದರೆ ಬರುವುದು ಬೇರೆ ಕಡೆಯಿಂದ. ಅನುದಾನ ಕಂತಿನಲ್ಲಿ ಬರುತ್ತದೆ, ಹಿಂದಿನ ಕಂತಿನ ಬಳಕೆ ಪ್ರಮಾಣಪತ್ರ ಹೋಗದೆ ಮುಂದಿನದು ಬಿಡುಗಡೆಯಾಗದು. ಆರ್ಥಿಕ ವರ್ಷದ ಕೊನೆಯ ತಿಂಗಳಲ್ಲಿ ಬಂದು, ಆ ತಿಂಗಳೊಳಗೇ ಖರ್ಚಾಗಬೇಕು ಎನ್ನುತ್ತದೆ. ಊರಿಗೆ ಏನು ಬೇಕೋ ಅದಕ್ಕಿಂತ ಯೋಜನೆಯ ಮಾರ್ಗಸೂಚಿಯಲ್ಲಿ ಏನಿದೆಯೋ ಅದನ್ನು ಕಟ್ಟಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕಟ್ಟುವುದಕ್ಕೆ ಕೊಡುತ್ತದೆ, ನಡೆಸುವುದಕ್ಕೆ ಸಾಮಾನ್ಯವಾಗಿ ಕೊಡುವುದಿಲ್ಲ.

ಒಂದು ಪಟ್ಟಣದ ವಿಷಯ ಹೇಳುತ್ತೇನೆ, ಹೆಸರು ಬೇಡ. ಪೂರ್ತಿ ಅನುದಾನದಲ್ಲಿ ಕೊಳಚೆ ನೀರು ಶುದ್ಧೀಕರಣ ಘಟಕ ಬಂದಿತ್ತು. ನಾನು ಲೆಕ್ಕ ತಪಾಸಣೆಗೆ ಹೋದಾಗ ಗೇಟಿಗೆ ಬೀಗ. ಬೀಗದ ಕೈ ತರಲು ಒಬ್ಬ ಸೈಕಲ್ ಹತ್ತಿ ಹೋದ. ಒಳಗೆ ಗಾಳಿ ಊದುವ ಬ್ಲೋವರ್‌ಗಳ ಮೇಲೆ ಕಾರ್ಖಾನೆಯಿಂದ ಬಂದ ಪ್ಲಾಸ್ಟಿಕ್ ಹೊದಿಕೆ ಹಾಗೇ ಇತ್ತು. ಲಾಗ್‌ಬುಕ್ ಕೇಳಿದೆ, ಕೊಟ್ಟರು. ಎಂಟು ತಿಂಗಳ ಪುಟಗಳಲ್ಲಿ ಒಂದೇ ಕೈಬರಹ, ಒಂದೇ ಶಾಯಿ. ದಿನಕ್ಕೆ ಶುದ್ಧವಾದ ನೀರಿನ ಪ್ರಮಾಣವೂ ಎಂಟು ತಿಂಗಳು ಒಂದೇ ಅಂಕಿ. ಯಾರ ಮೇಲೆ ಸಿಟ್ಟು ಮಾಡುವುದು? ಪಾಲಿಕೆಯ ಬಜೆಟ್ ಪುಸ್ತಕ ತೆಗೆದು ನೋಡಿದರೆ ಆ ಘಟಕದ ವಿದ್ಯುತ್ ಬಿಲ್ಲಿಗೆ ಲೆಕ್ಕಶೀರ್ಷಿಕೆಯೇ ಇರಲಿಲ್ಲ. ಕಟ್ಟಲು ದುಡ್ಡು ಕೊಟ್ಟವರು ಕರೆಂಟಿನ ಬಗ್ಗೆ ಕೇಳಲಿಲ್ಲ, ತೆಗೆದುಕೊಂಡವರು ಹೇಳಲಿಲ್ಲ.

ಹೀಗಾಗಿ ಅನುದಾನ ಬಂದರೂ ಸಾಲ ಬಂದರೂ ವರ್ಷ ವರ್ಷ ಬರುವ ಸ್ವಂತ ಆದಾಯ ಇಲ್ಲದೆ ಒಳಚರಂಡಿ ನಡೆಯದು. ಆ ಆದಾಯ ಯಾವ ಜೇಬಿನಿಂದ ಎಷ್ಟು ಎಂಬಲ್ಲಿ ನಿಮ್ಮ ಸಭೆ ಹೆಚ್ಚು ಹೊತ್ತು ಜಗಳವಾಡಬೇಕಿತ್ತು.

ಆಸ್ತಿ ತೆರಿಗೆಯನ್ನು ಜನ ದ್ವೇಷಿಸುವುದು ಅದು ಕಣ್ಣಿಗೆ ಕಾಣುವುದರಿಂದ. ಅಂಗಡಿಯ ಬಿಲ್ಲಿನಲ್ಲಿ ಸೇರಿಹೋಗುವ ತೆರಿಗೆಯಂತಲ್ಲ, ಇದನ್ನು ಕೈಯಾರೆ ಕಟ್ಟಬೇಕು. ಆದರೆ ನಗರದ ಕೆಲಸಕ್ಕೆ ಇಷ್ಟು ಒಗ್ಗುವ ತೆರಿಗೆ ಇನ್ನೊಂದಿಲ್ಲ: ಜಾಗ ಓಡಿಹೋಗುವುದಿಲ್ಲ, ಚರಂಡಿ ರಸ್ತೆ ಚೆನ್ನಾಗಾದರೆ ಅದರ ಬೆಲೆ ಏರುತ್ತದೆ, ಏರಿದ್ದರಲ್ಲಿ ಒಂದು ಪಾಲು ಊರಿಗೆ ಮರಳುತ್ತದೆ. ಇದನ್ನು ಕಟ್ಟಿಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಕ್ಯಾಲಿಫೋರ್ನಿಯಾ ಪಾಠ. ಅಲ್ಲಿನ ಮತದಾರರು 1978ರಲ್ಲಿ 13ನೇ ಪ್ರಸ್ತಾವ ಎಂದೇ ಹೆಸರಾದ ತಿದ್ದುಪಡಿ ತಂದು ಆಸ್ತಿ ತೆರಿಗೆಗೆ ಶೇ. 1ರ ಮಿತಿ ಹಾಕಿದರು. ಮನೆ ಕೈಬದಲಾಗುವವರೆಗೆ ಅದರ ತೆರಿಗೆ ಮೌಲ್ಯ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರುವಂತಿಲ್ಲ. ವಯಸ್ಸಾದವರಿಗೆ ನೆಮ್ಮದಿ ಸಿಕ್ಕಿತು, ನಿಜ. ಆದರೆ ಪಕ್ಕಪಕ್ಕದ ಎರಡು ಒಂದೇ ಥರದ ಮನೆಗಳು, ಒಂದನ್ನು 40 ವರ್ಷದ ಹಿಂದೆ ಕೊಂಡಿದ್ದರೆ ಇನ್ನೊಂದನ್ನು ಕಳೆದ ವರ್ಷ, ಹಲವು ಪಟ್ಟು ವ್ಯತ್ಯಾಸದ ತೆರಿಗೆ ಕಟ್ಟುವಂತಾಯಿತು. ಊರುಗಳು ನಷ್ಟವನ್ನು ಹೊಸ ಬಡಾವಣೆಗಳ ಮೇಲಿನ ಶುಲ್ಕಗಳಿಂದ ತುಂಬಿಕೊಳ್ಳಲು ಹೊರಟವು. ಭಾರ ಹೋಗಲಿಲ್ಲ, ಹೊಸದಾಗಿ ಬಂದವರ ಹೆಗಲಿಗೆ ಜಾರಿತು.

ನಿಮ್ಮ ಪಾಲಿಕೆ ದರ ಏರಿಸುತ್ತೇನೆ ಎಂದಾಗ ಮೊದಲು ಕೇಳಬೇಕಾದದ್ದು: ತೆರಿಗೆ ಪಟ್ಟಿಯಲ್ಲಿ ಎಷ್ಟು ಕಟ್ಟಡಗಳಿವೆ, ನೆಲದ ಮೇಲೆ ಎಷ್ಟಿವೆ? ಖಾಲಿ ನಿವೇಶನವೆಂದು ದಾಖಲಾಗಿರುವ ಕಡೆ ನಾಲ್ಕು ಅಂತಸ್ತು ಎದ್ದಿರುವುದು, ಮನೆಯೆಂದು ಬರೆಸಿದ್ದು ಮದುವೆ ಮಂಟಪವಾಗಿರುವುದು ನಾನು ಹೋದಲ್ಲೆಲ್ಲ ಕಂಡ ಸಂಗತಿ. ಪಟ್ಟಿ ಸರಿ ಮಾಡದೆ ದರ ಏರಿಸಿದರೆ ಈಗಾಗಲೇ ಪ್ರಾಮಾಣಿಕವಾಗಿ ಕಟ್ಟುತ್ತಿರುವವರಿಗೇ ಇನ್ನೊಂದು ಬರೆ. ದರಕ್ಕಿಂತ ಮೊದಲು ಪಟ್ಟಿ ಎಂದು ಪಟ್ಟು ಹಿಡಿಯಿರಿ. ಇದಕ್ಕೆ ಅಧಿಕಾರಿಗಳೂ ಒಳಗೊಳಗೇ ಒಪ್ಪುತ್ತಾರೆ, ಅವರಿಗೆ ಬೇಕಾದದ್ದು ಜನರ ಒತ್ತಾಯದ ನೆಪ.

ಬಳಕೆ ಶುಲ್ಕದ ಮಾತಿಗೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನೆನಪಾಗುತ್ತದೆ. ಜೋಸೆಫ್ ಚೇಂಬರ್ಲೇನ್ ಅಲ್ಲಿ ಮೇಯರ್ ಆಗಿದ್ದಾಗ, 1875ರಲ್ಲಿ, ಊರಿನ ಎರಡು ಖಾಸಗಿ ಗ್ಯಾಸ್ ಕಂಪನಿಗಳನ್ನು ನಗರಸಭೆಯೇ ಸಾಲ ಮಾಡಿ ಕೊಂಡಿತು. ಮೊದಲ ವರ್ಷವೇ 34,000 ಪೌಂಡ್ ಲಾಭ ಬಂತು. ಅಂಥ ಲಾಭ ಊರಿನ ಸುಧಾರಣೆಗೆ ಒದಗಿತು. ಆಮೇಲೆ ನೀರಿನ ಕಂಪನಿಯನ್ನೂ ಕೊಂಡರು, ಆದರೆ ಅದರಲ್ಲಿ ಲಾಭ ಮಾಡುವುದಿಲ್ಲ, ಉಳಿದದ್ದೆಲ್ಲ ನೀರಿನ ದರ ಇಳಿಸಲು ಎಂದು ಆತ ಮೊದಲೇ ಹೇಳಿದ್ದ. ಒಂದೇ ಊರು, ಒಬ್ಬನೇ ಮೇಯರ್, ಎರಡು ಲೆಕ್ಕ. ಗ್ಯಾಸ್ ದೀಪ ಬೇಡವೆಂದವನು ಉರಿಸದೆ ಇರಬಹುದಿತ್ತು. ನೀರು ಕೊಳ್ಳಲಾಗದವನು ಕೊಳಕು ನೀರು ಕುಡಿದರೆ ಕಾಯಿಲೆ ಇಡೀ ಬೀದಿಗೆ.

ಒಳಚರಂಡಿ ಈ ಎರಡನೆಯ ಜಾತಿಗೆ ಸೇರಿದ್ದು. ನಿಮ್ಮ ಮನೆ ಸಂಪರ್ಕ ಪಡೆದರೆ ಪಕ್ಕದ ಮನೆಯ ಬಾವಿಯೂ ಉಳಿಯುತ್ತದೆ. ಆದ್ದರಿಂದ ಪೂರ್ತಿ ವೆಚ್ಚವನ್ನು ಶುಲ್ಕದಿಂದಲೇ ಎತ್ತುವುದು ಸರಿಯಲ್ಲ, ಪೂರ್ತಿ ತೆರಿಗೆಯಿಂದ ಎತ್ತುವುದೂ ಸರಿಯಲ್ಲ. ನಡೆಸುವ ಖರ್ಚು ಶುಲ್ಕದಿಂದ, ಕಟ್ಟಲು ಮಾಡಿದ ಸಾಲದ ಕಂತಿನ ಹೆಚ್ಚು ಪಾಲು ಆಸ್ತಿ ತೆರಿಗೆಯಿಂದ ಎಂಬ ಮಿಶ್ರಣ ನನಗೆ ಒಪ್ಪಿಗೆ. ನಿಮ್ಮ ಪಾಲಿಕೆಯ ಪ್ರಸ್ತಾವವೂ ಮೇಲ್ನೋಟಕ್ಕೆ ಹಾಗೆಯೇ ಇದೆ. ಬಡವರ ಮನೆಗಳ ವಿಷಯದಲ್ಲಿ ಒಂದು ಸೂಕ್ಷ್ಮ: ಅವರನ್ನು ಹೆಚ್ಚಾಗಿ ತಡೆಯುವುದು ತಿಂಗಳ ಶುಲ್ಕಕ್ಕಿಂತ, ಸಂಪರ್ಕ ಪಡೆಯಲು ಒಂದೇ ಸಲ ಕಟ್ಟಬೇಕಾದ ಮೊತ್ತ ಮತ್ತು ಮನೆಯಿಂದ ಬೀದಿಯ ಕೊಳವೆವರೆಗೆ ಅಗೆಯುವ ಖರ್ಚು. ಅದನ್ನು ಬಾಂಡಿನ ಮೊತ್ತದಲ್ಲೇ ಸೇರಿಸಿ, ಬಿಲ್ಲಿನಲ್ಲಿ ಕಂತು ಕಂತಾಗಿ ವಸೂಲಿ ಮಾಡಬಹುದು. ಸಂಪರ್ಕಗಳು ಸೇರದಿದ್ದರೆ ಶುಲ್ಕವೂ ಬರುವುದಿಲ್ಲ, ಕೊಳವೆಯಲ್ಲಿ ಹರಿವೂ ಸಾಲದೆ ಕಸ ಕಟ್ಟುತ್ತದೆ.

ಮೂರನೆಯ ಜೇಬನ್ನು ನಿಮ್ಮ ಸಭೆಯಲ್ಲಿ ಯಾರೂ ಮುಟ್ಟಿದಂತಿಲ್ಲ. ಹಾಂಗ್‌ಕಾಂಗ್‌ನಲ್ಲಿ ಮೆಟ್ರೊ ಕಟ್ಟುವ ಸಂಸ್ಥೆಗೆ ನಿಲ್ದಾಣಗಳ ಮೇಲಿನ ಮತ್ತು ಸುತ್ತಲಿನ ಜಾಗದಲ್ಲಿ ಕಟ್ಟಡ ಕಟ್ಟುವ ಹಕ್ಕನ್ನು, ರೈಲು ಬರುವ ಮೊದಲಿನ ಬೆಲೆಗೆ ಸರ್ಕಾರ ಕೊಡುತ್ತದೆ; ರೈಲು ಬಂದು ಬೆಲೆ ಏರಿದಾಗ ಆ ಲಾಭವೇ ಹಳಿಗೆ ಬಂಡವಾಳ. ಲಂಡನ್ನಿನ ಕ್ರಾಸ್‌ರೈಲ್ ಎಂಬ ರೈಲು ಯೋಜನೆಗೆ 2010ರಿಂದ ದೊಡ್ಡ ವಾಣಿಜ್ಯ ಕಟ್ಟಡಗಳ ಮೇಲೆ ಪ್ರತಿ ಪೌಂಡ್ ತೆರಿಗೆ ಮೌಲ್ಯಕ್ಕೆ 2 ಪೆನ್ಸ್ ಹೆಚ್ಚುವರಿ ತೆರಿಗೆ ಹಾಕಿದರು, ಸಣ್ಣ ಅಂಗಡಿಗಳನ್ನು ಬಿಟ್ಟರು. ಬ್ರೆಜಿಲ್‌ನ ಸಾವೊ ಪಾವ್ಲೊ, ನಿಗದಿತ ಪ್ರದೇಶದಲ್ಲಿ ಹೆಚ್ಚುವರಿ ಅಂತಸ್ತು ಕಟ್ಟುವ ಹಕ್ಕಿನ ಪತ್ರಗಳನ್ನು 2004ರಿಂದ ಹರಾಜು ಹಾಕಿ, ಆ ದುಡ್ಡನ್ನು ಅದೇ ಪ್ರದೇಶದ ಸೇತುವೆ ರಸ್ತೆಗೆ ಹಾಕುತ್ತಿದೆ. ಒಳಚರಂಡಿ ಮೆಟ್ರೊದಷ್ಟು ಬೆಲೆ ಏರಿಸುವುದಿಲ್ಲ. ಆದರೂ ಹೊಸ ಕೊಳವೆ ಹಾದು ಹೋಗುವ ದಾರಿಯಲ್ಲಿ ಬಡಾವಣೆ ಮಾಡುತ್ತಿರುವವರಿಂದ ಅಭಿವೃದ್ಧಿ ಶುಲ್ಕ ಎಷ್ಟು ಬರುತ್ತದೆ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಅಪಾಯವೊಂದಿದೆ: ಈ ದುಡ್ಡು ಜಾಗದ ವ್ಯಾಪಾರ ಬಿಸಿಯಿದ್ದಾಗ ಹೊಳೆಯಂತೆ ಬಂದು, ತಣ್ಣಗಾದಾಗ ನಿಂತುಹೋಗುತ್ತದೆ. ಸಾಲದ ಅಸಲು ಬೇಗ ಇಳಿಸಲು ಬಳಸಲಿ, ಪ್ರತಿ ವರ್ಷದ ಕಂತಿಗೆ ಅದನ್ನು ನೆಚ್ಚಬಾರದು.

'ಖಾಸಗಿಯವರಿಗೆ ಕೊಟ್ಟರೆ ಖರ್ಚಿಲ್ಲ' ಎಂದವರಿಗೆ ಷಿಕಾಗೊ ಕಥೆ ಹೇಳಿ. 2008ರ ಡಿಸೆಂಬರ್‌ನಲ್ಲಿ ಆ ನಗರ ತನ್ನ ಸುಮಾರು 36,000 ಪಾರ್ಕಿಂಗ್ ಮೀಟರ್‌ಗಳನ್ನು 75 ವರ್ಷಕ್ಕೆ ಖಾಸಗಿಯವರಿಗೆ ಗುತ್ತಿಗೆ ಕೊಟ್ಟು ಸುಮಾರು 115 ಕೋಟಿ ಡಾಲರ್ ಒಟ್ಟಿಗೇ ಪಡೆಯಿತು. ಹಲವು ವರ್ಷಗಳ ಬಜೆಟ್ ಕೊರತೆ ತುಂಬಲು ಅದರ ಬಹುಪಾಲು ಕರಗಿಹೋಯಿತು. ಮರುವರ್ಷ ನಗರಾಡಳಿತದ ತಪಾಸಣೆ ಮಾಡುವ ಇನ್‌ಸ್ಪೆಕ್ಟರ್ ಜನರಲ್ ಲೆಕ್ಕ ಹಾಕಿ, ಸಿಗಬೇಕಿದ್ದಕ್ಕಿಂತ ಸುಮಾರು 97 ಕೋಟಿ ಡಾಲರ್ ಕಡಿಮೆಗೆ ಕೊಟ್ಟಿದ್ದೀರಿ ಎಂದರು. ಇಷ್ಟೇ ಆಗಿದ್ದರೆ ಕೆಟ್ಟ ವ್ಯಾಪಾರ ಎಂದು ಬಿಡಬಹುದಿತ್ತು. ಒಪ್ಪಂದದ ಪ್ರಕಾರ, ರಸ್ತೆ ಕೆಲಸಕ್ಕೋ ಸೈಕಲ್ ದಾರಿಗೋ ಪಾರ್ಕಿಂಗ್ ಜಾಗ ಮುಚ್ಚಿದರೆ ನಗರವೇ ಕಂಪನಿಗೆ ಪರಿಹಾರ ಕೊಡಬೇಕು. ತನ್ನ ಬೀದಿಯನ್ನು ತಾನು ಬದಲಿಸಲು ತಾನೇ ದಂಡ ತೆರುವ ಸ್ಥಿತಿ.

ಖಾಸಗಿಯವರು ಬರಲೇಬಾರದು ಎಂದಲ್ಲ. ಒಳ್ಳೆಯ ಕಂಪನಿ ಸೋರಿಕೆ ಹುಡುಕುವುದರಲ್ಲಿ, ಪಂಪು ನಡೆಸುವುದರಲ್ಲಿ ಪಾಲಿಕೆಗಿಂತ ಚುರುಕಾಗಿರಬಹುದು. ಆ ಚುರುಕಿಗೆ ದುಡ್ಡು ಕೊಡುವುದು ನ್ಯಾಯವೇ. ಆದರೆ ಅವರು ತರುವ ಬಂಡವಾಳವೂ ಸಾಲವೇ. ಮೇಲೆ ಲಾಭವನ್ನೂ ಸೇರಿಸಿ ಶುಲ್ಕದಲ್ಲೋ ಪಾಲಿಕೆಯ ವಾರ್ಷಿಕ ಪಾವತಿಯಲ್ಲೋ ವಸೂಲಿ ಮಾಡುತ್ತಾರೆ. ಪಾಲಿಕೆಯ ಸಾಲದ ಪಟ್ಟಿಯಲ್ಲಿ ಅದು ಕಾಣುವುದಿಲ್ಲ ಎಂಬುದೇ ಕೆಲವರಿಗೆ ಅದರ ಆಕರ್ಷಣೆ. ಪ್ಯಾರಿಸ್ ನಗರ ದಶಕಗಳ ಕಾಲ ಖಾಸಗಿಯವರ ಕೈಲಿದ್ದ ನೀರು ಪೂರೈಕೆಯನ್ನು 2010ರಲ್ಲಿ ವಾಪಸ್ ತೆಗೆದುಕೊಂಡು, ಮರುವರ್ಷ ದರವನ್ನು ಶೇ. 8ರಷ್ಟು ಇಳಿಸಿತು. ವಾಪಸ್ ತೆಗೆದುಕೊಳ್ಳುವ ಬಾಗಿಲು ಒಪ್ಪಂದದಲ್ಲಿ ತೆರೆದಿತ್ತು, ಅವಧಿ ಮುಗಿದಿತ್ತು. 75 ವರ್ಷ ಬರೆದುಕೊಟ್ಟಿದ್ದರೆ ಆ ಮಾತೇ ಇರುತ್ತಿರಲಿಲ್ಲ. ಖಾಸಗಿ ಒಪ್ಪಂದದಲ್ಲಿ ನಾನು ಮೊದಲು ತಿರುವಿ ನೋಡುವುದು ಕೊನೆಯ ಅಧ್ಯಾಯವನ್ನೇ: ಮುರಿಯುವುದು ಹೇಗೆ, ಮುರಿದರೆ ಎಷ್ಟು.

ಇನ್ನು ಬಾಂಡಿನ ಒಳಮನೆ. ಭಾರತದಲ್ಲಿ ಮೊದಲ ಮುನ್ಸಿಪಲ್ ಬಾಂಡ್ ಹೊರಡಿಸಿದ್ದು ಬೆಂಗಳೂರು, 1997ರಲ್ಲಿ, 125 ಕೋಟಿ ರೂಪಾಯಿ, ರಾಜ್ಯ ಸರ್ಕಾರದ ಖಾತರಿಯೊಂದಿಗೆ. ಮರುವರ್ಷ ಅಹಮದಾಬಾದ್ ಯಾವ ಸರ್ಕಾರಿ ಖಾತರಿಯೂ ಇಲ್ಲದೆ 100 ಕೋಟಿ ಎತ್ತಿತು, ನೀರು ಮತ್ತು ಒಳಚರಂಡಿ ಕಾಮಗಾರಿಗೆಂದು. ಅದು ಸಾಧ್ಯವಾದದ್ದು ಅದಕ್ಕೆ ಮೊದಲು ಕೆಲವು ವರ್ಷ ಕೂತು ತೆರಿಗೆ ವಸೂಲಿ ಬಿಗಿ ಮಾಡಿಕೊಂಡಿದ್ದರಿಂದ, ಮತ್ತು ಊರೊಳಗೆ ಬರುವ ಸರಕಿನ ಮೇಲೆ ಆಗ ಹಾಕುತ್ತಿದ್ದ ಆಕ್ಟ್ರಾಯ್ ಸುಂಕದ ಆದಾಯವನ್ನು ಎಸ್ಕ್ರೊ ಖಾತೆಗೆ ಕಟ್ಟಿದ್ದರಿಂದ. ಎಸ್ಕ್ರೊ ಎಂದರೆ ವಸೂಲಾದ ದುಡ್ಡು ಮೊದಲು ಬೀಳುವ ಬೇರೆ ಡಬ್ಬಿ. ಸಾಲದ ಕಂತು ಎತ್ತಿಟ್ಟ ಮೇಲೆ ಉಳಿದದ್ದು ಪಾಲಿಕೆಯ ಕೈಗೆ. ಸಾಲ ಕೊಟ್ಟವರಿಗೆ ಇದು ನೆಮ್ಮದಿ, ಆದ್ದರಿಂದ ಬಡ್ಡಿ ಕಡಿಮೆ. ಊರಿಗೆ ಇದರ ಇನ್ನೊಂದು ಮುಖ ಗೊತ್ತಿರಬೇಕು: ವಸೂಲಿ ಕುಸಿದ ವರ್ಷ ಕಂತು ತಪ್ಪುವುದಿಲ್ಲ, ಕಸ ಗುಡಿಸುವವರ ಸಂಬಳ ತಪ್ಪುತ್ತದೆ.

ಒಳಚರಂಡಿ ಸಾಲದಿಂದಲೇ ಮುಳುಗಿದ ಊರೂ ಇದೆ. ಅಮೆರಿಕದ ಅಲಬಾಮಾ ರಾಜ್ಯದ ಜೆಫರ್ಸನ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ನಿಮ್ಮೂರಿನ ಹಾಗೇ ಚರಂಡಿ ಉಕ್ಕುತ್ತಿತ್ತು; ಅದನ್ನು ಸರಿಪಡಿಸುತ್ತೇವೆಂದು 1996ರಲ್ಲಿ ನ್ಯಾಯಾಲಯದ ಮುಂದೆ ಒಪ್ಪಿಕೊಂಡು ಕೆಲಸ ಶುರುಮಾಡಿದರು. ವೆಚ್ಚ ಉಬ್ಬಿತು, ಸಾಲ 300 ಕೋಟಿ ಡಾಲರ್ ದಾಟಿತು. ಆಮೇಲೆ ಬಡ್ಡಿ ಉಳಿಸುವ ಆಸೆಗೆ ಸ್ಥಿರ ಬಡ್ಡಿಯ ಸಾಲವನ್ನು ಏರಿಳಿಯುವ ಬಡ್ಡಿಗೆ ಬದಲಿಸಿ, ಅದರ ಮೇಲೆ ಬಡ್ಡಿ ಪಾವತಿಗಳನ್ನು ಅದಲುಬದಲು ಮಾಡಿಕೊಳ್ಳುವ ಸ್ವಾಪ್ ಎಂಬ ಜಟಿಲ ಒಪ್ಪಂದಗಳನ್ನು ಪೇರಿಸಿದರು. 2008ರ ಬಿಕ್ಕಟ್ಟಿನಲ್ಲಿ ಬಡ್ಡಿ ಜಿಗಿಯಿತು, 2011ರ ನವೆಂಬರ್‌ನಲ್ಲಿ ಕೌಂಟಿ ದಿವಾಳಿ ಘೋಷಿಸಿತು. ಲಂಚದ ಆರೋಪದಲ್ಲಿ ಅಧಿಕಾರಸ್ಥರೂ ಗುತ್ತಿಗೆದಾರರೂ ಜೈಲು ಸೇರಿದರು. ಅಲ್ಲಿ ಚರಂಡಿ ಬೇಕಿರಲಿಲ್ಲ ಎಂದು ಯಾರೂ ಹೇಳಲಾರರು. ಕೆಟ್ಟದ್ದು ಸಾಲದ ಸ್ವರೂಪ. ನಿಮ್ಮೂರಿನ ಬಾಂಡ್ ಸ್ಥಿರ ಬಡ್ಡಿಯದೇ, ನಿಮ್ಮ ದೇಶದ ನಾಣ್ಯದಲ್ಲೇ ಎಂದು ಕೇಳಿ. ತೆರಿಗೆ ಒಂದು ನಾಣ್ಯದಲ್ಲಿ ಬಂದು ಕಂತು ಇನ್ನೊಂದರಲ್ಲಿ ಹೋಗುವುದಾದರೆ, ವಿನಿಮಯ ದರ ಬಿದ್ದ ದಿನ ನಿಮ್ಮ ಸಾಲ ರಾತ್ರೋರಾತ್ರಿ ಬೆಳೆಯುತ್ತದೆ.

ಕಡೆಗೆ ನಿರ್ವಹಣೆ. ಇದರ ಬಗ್ಗೆ ಯಾರೂ ಗದ್ದಲ ಮಾಡುವುದಿಲ್ಲ, ಏಕೆಂದರೆ ನಿರ್ವಹಣೆಗೆ ಶಂಕುಸ್ಥಾಪನೆ ಇಲ್ಲ. ಅಮೆರಿಕದಲ್ಲಿ ಕೂಡ ನಗರಗಳು ತಮ್ಮ ರಸ್ತೆ, ಸೇತುವೆಗಳನ್ನು ಆಸ್ತಿಯೆಂದು ಲೆಕ್ಕಪತ್ರದಲ್ಲಿ ತೋರಿಸಲೇಬೇಕು ಎಂಬ ಮಾನದಂಡ ಬಂದದ್ದು 1999ರಲ್ಲಿ. ಪುಸ್ತಕದಲ್ಲೇ ಇಲ್ಲದ ಆಸ್ತಿ ಸವೆದರೆ ಯಾರಿಗೆ ತಿಳಿಯಬೇಕು? ಕೊಳವೆ 50 ವರ್ಷ ಬಾಳುತ್ತದೆ ಎಂಬ ನನ್ನ ಮೇಲಿನ ಮಾತೆಲ್ಲ ನಿಂತಿರುವುದು ವರ್ಷಕ್ಕೊಮ್ಮೆ ಹೂಳು ತೆಗೆಯುತ್ತಾರೆ, ಒಡೆದ ಕಡೆ ಆಗಲೇ ತೇಪೆ ಹಾಕುತ್ತಾರೆ ಎಂಬ ನಂಬಿಕೆಯ ಮೇಲೆ. ಪಂಪುಗಳಂತೂ 50 ವರ್ಷ ಬರುವುದಿಲ್ಲ, ಸಾಲ ತೀರುವ ಮೊದಲೇ ಒಂದು ಸಲ ಬದಲಿಸಬೇಕಾಗುತ್ತದೆ. ಆ ದುಡ್ಡು ಕಂತಿನ ಲೆಕ್ಕದಲ್ಲಿಲ್ಲ.

ಹಾಗಾದರೆ ಏನು ಬರೆಯುವುದು? ನಾನಾಗಿದ್ದರೆ ಬಾಂಡಿಗೆ ವಿರೋಧ ಎಂದು ಬರೆಯುತ್ತಿರಲಿಲ್ಲ, ಒಪ್ಪಿಗೆ ಎಂದೂ ಬರೆಯುತ್ತಿರಲಿಲ್ಲ. ಒಂದು ಪುಟ ಕೇಳುತ್ತಿದ್ದೆ. 20 ವರ್ಷಕ್ಕೆ 20 ಸಾಲಿನ ಕೋಷ್ಟಕ: ಪ್ರತಿ ವರ್ಷ ಕಂತು ಎಷ್ಟು, ನಡೆಸುವ ಖರ್ಚು ಎಷ್ಟು, ಪಂಪು ಬದಲಿಸಲು ಎತ್ತಿಡುವುದು ಎಷ್ಟು, ಎದುರಿಗೆ ತೆರಿಗೆ ಎಷ್ಟು, ಶುಲ್ಕ ಎಷ್ಟು, ಬಡಾವಣೆಗಳಿಂದ ಎಷ್ಟು, ಅನುದಾನ ಎಷ್ಟು. ವಸೂಲಿಯನ್ನು ಶೇ. 100 ಎಂದು ಹಿಡಿದಿದ್ದರೆ ಕಳೆದ ಐದು ವರ್ಷ ನಿಜವಾಗಿ ಶೇಕಡ ಎಷ್ಟು ವಸೂಲಾಗಿದೆ ಎಂದು ಪಕ್ಕದಲ್ಲಿ ಬರೆಯಲು ಹೇಳಿ, ಆ ದರದಲ್ಲಿ ಕೋಷ್ಟಕವನ್ನು ಮತ್ತೆ ಹಾಕಿಸಿ. ಹತ್ತನೆಯ ವರ್ಷದ ಸಾಲನ್ನು ಬೆರಳಿಟ್ಟು ನೋಡಿ. ಅಲ್ಲಿ ಆದಾಯ ಖರ್ಚಿಗಿಂತ ಒಂದಿಷ್ಟು ಮೇಲಿದ್ದರೆ, ಸಾಲ ಕಂಡರಾಗದ ನೀವೂ ನಿದ್ದೆ ಮಾಡಬಹುದು. ಕೆಳಗಿದ್ದರೆ ಉಳಿದ ಭಾಷಣವೆಲ್ಲ ಬೇಡ.

ಕೋಷ್ಟಕ ಹಾಕುವುದು ತಡವಾಗುತ್ತದೆ ಎಂದು ಹೇಳುತ್ತಾರೆ. ಸಾಲ ತೀರಿಸುವ ಶಕ್ತಿ ಅಳೆದು ಬಾಂಡಿಗೆ ರೇಟಿಂಗ್ ಕೊಡುವ ಸಂಸ್ಥೆಗೆ ಅದನ್ನು ಈಗಾಗಲೇ ಕೊಟ್ಟಿರುತ್ತಾರೆ, ಹಾಗಾಗಿ ಅದರ ಪ್ರತಿ ಕೇಳಿ. ಆಕ್ಷೇಪಣೆಯನ್ನು ಎರಡು ಪ್ರತಿ ಮಾಡಿಸಿ, ಒಂದರ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡೇ ಕೌಂಟರ್ ಬಿಡಿ.